ಹೊಸ ನಿಯಮ ಬಂದಾಗ ಹಳೆಯ ಆಟಗಾರ ಕೇಳುವುದೇನು?

ಸಂಘದ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ‘ಉಪನಿಯಮಗಳ ತಿದ್ದುಪಡಿ’ ಎಂಬ ಒಂದು ಸಾಲು ಕಂಡರೆ ಸಾಕು, ಅದುವರೆಗೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದ ಸದಸ್ಯರೂ ಎದ್ದು ನಿಲ್ಲುತ್ತಾರೆ. ಈಗಿರುವ ನಿಯಮದಿಂದ ಯಾರಿಗೆ ಏನು ತೊಂದರೆಯಾಗಿದೆ ಎಂದು ಒಬ್ಬರು ಕೇಳಿದರೆ, ನಮ್ಮನ್ನು ಕೇಳದೆ ಬದಲಿಸಲು ಹೊರಟಿರಲ್ಲ ಎಂದು ಇನ್ನೊಬ್ಬರು ಆಕ್ಷೇಪಿಸುತ್ತಾರೆ. ಮಾತಿಗೆ ಮಾತು ಬೆಳೆದು ಒಂದು ಸಂಘ ಎರಡಾದ ನಿದರ್ಶನಗಳು ಹೊರನಾಡ ಕನ್ನಡಿಗರಿಗೆ ಹೊಸತೇನಲ್ಲ.

ಇಂಥದ್ದೇ ಒಂದು ಜಗಳ 50 ವರ್ಷಗಳಿಂದ ಅಮೆರಿಕದಲ್ಲಿ ಒಂದು ಆಟದ ಸುತ್ತ ನಡೆದು ಬಂದಿದೆ. 1974ರಲ್ಲಿ ಹುಟ್ಟಿದ ಆ ಆಟದ ಹೆಸರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಹತ್ತಿಪ್ಪತ್ತು ವರ್ಷಕ್ಕೊಮ್ಮೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಅದರ ನಿಯಮ ಪುಸ್ತಕಗಳ ಹೊಸ ಆವೃತ್ತಿ ಬರುತ್ತದೆ. ಪ್ರತಿ ಸಲವೂ ಆಟಗಾರರಲ್ಲಿ ಒಂದು ಪಾಲು ಸಂಭ್ರಮಿಸಿದರೆ ಇನ್ನೊಂದು ಪಾಲು ಮುನಿಸಿಕೊಳ್ಳುತ್ತದೆ. ಹಾಗಿದ್ದರೆ ಆಟಗಾರನಿಗೆ ನಿಜವಾಗಿ ಬೇಕಾದದ್ದೇನು? ಈ ಪ್ರಶ್ನೆಗೆ ಉತ್ತರ ಹುಡುಕಲು ಕಂಪೆನಿ ಅರ್ಧ ಶತಮಾನದಲ್ಲಿ ಹಲವು ಸಲ ಎಡವಿದೆ, ಕೆಲವು ಸಲ ಗೆದ್ದಿದೆ.

ಮೇಜಿನ ಸುತ್ತ ಕಟ್ಟುವ ಕಥೆ

ಈ ಆಟ ಕೇರಂ ಅಥವಾ ಚದುರಂಗದಂತಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬರು ‘ಡಂಜನ್ ಮಾಸ್ಟರ್’, ಅಂದರೆ ಆಟ ನಡೆಸುವ ಸೂತ್ರಧಾರ. ಉಳಿದವರೆಲ್ಲ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಇನ್ನೊಬ್ಬ ದೇವರ ಸೇವಕ. ಪಾತ್ರದ ಬಲ, ಬುದ್ಧಿ, ಚುರುಕುತನಗಳನ್ನು ಅಂಕಿಗಳಲ್ಲಿ ಬರೆದ ಒಂದು ಹಾಳೆ ಪ್ರತಿಯೊಬ್ಬರ ಕೈಯಲ್ಲಿರುತ್ತದೆ. ‘ಎದುರಿಗೆ ಹಾಳುಬಿದ್ದ ಕೋಟೆಯಿದೆ, ಒಳಗಿನಿಂದ ಬೆಳಕು ಕಾಣುತ್ತಿದೆ, ಏನು ಮಾಡುತ್ತೀರಿ?’ ಎಂದು ಸೂತ್ರಧಾರ ಕೇಳುತ್ತಾನೆ. ಆಟಗಾರರು ಬಾಯಿಮಾತಿನಲ್ಲೇ ಉತ್ತರಿಸುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು 20 ಮುಖಗಳ ದಾಳ ಹೇಳುತ್ತದೆ. 4, 6, 8, 10 ಮತ್ತು 12 ಮುಖಗಳ ದಾಳಗಳೂ ಬಳಕೆಯಲ್ಲಿವೆ.

ತಾಳಮದ್ದಳೆ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಭಾಗವತರು ಪ್ರಸಂಗವನ್ನು ನಡೆಸುತ್ತಾರೆ. ಅರ್ಥಧಾರಿಗಳು ವೇಷವಿಲ್ಲದೆ, ಬರೆದ ಸಂಭಾಷಣೆಯಿಲ್ಲದೆ, ಕುಳಿತಲ್ಲೇ ಕರ್ಣನೋ ಕೃಷ್ಣನೋ ಆಗಿ ಮಾತು ಕಟ್ಟುತ್ತಾರೆ. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತು. ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಸೂತ್ರಧಾರನಿಗೂ ಗೊತ್ತಿಲ್ಲ. ಗೆದ್ದವರು ಸೋತವರೆಂಬುದೂ ಇಲ್ಲ. ಒಂದೇ ಕಥೆ ವಾರವಾರವೂ ಮುಂದುವರಿದು ವರ್ಷಗಟ್ಟಲೆ ನಡೆಯುವುದುಂಟು.

ಹೊಸ ಆವೃತ್ತಿಯ ತಂಟೆ ಆರಂಭವಾಗುವುದು ಇಲ್ಲೇ. ಐದಾರು ವರ್ಷ ಆಡಿ ಬೆಳೆಸಿದ ಪಾತ್ರವೊಂದು ಆಟಗಾರನ ಪಾಲಿಗೆ ಬರೀ ಹಾಳೆಯಾಗಿ ಉಳಿದಿರುವುದಿಲ್ಲ. ನಿಯಮ ಬದಲಾದರೆ ಆ ಪಾತ್ರದ ಅಂಕಿಗಳು ಹೊಸ ಪುಸ್ತಕಕ್ಕೆ ಹೊಂದುವುದಿಲ್ಲ, ಕಪಾಟಿನಲ್ಲಿರುವ ಹಳೆಯ ಪುಸ್ತಕಗಳೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲ ಸಾವಿರ ಪ್ರತಿಗಳು

ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ನೆರೆಯ ಮಿನೆಸೋಟಾದ ಡೇವ್ ಆರ್ನೆಸನ್ ಈ ಆಟದ ಜನಕರು. ವಿಮಾ ಕಂಪೆನಿಯ ಕೆಲಸ ಕಳೆದುಕೊಂಡಿದ್ದ ಗೈಗ್ಯಾಕ್ಸ್ ಮನೆಯ ನೆಲಮಾಳಿಗೆಯಲ್ಲಿ ಪಾದರಕ್ಷೆ ದುರಸ್ತಿ ಮಾಡುತ್ತಾ ಬಿಡುವಿನಲ್ಲಿ ಯುದ್ಧದಾಟದ ನಿಯಮಗಳನ್ನು ಬರೆಯುತ್ತಿದ್ದರು. ಯಾವ ಪ್ರಕಾಶಕರೂ ಮುಂದೆ ಬಾರದಿದ್ದಾಗ ಗೆಳೆಯರೊಂದಿಗೆ ಟಿಎಸ್‌ಆರ್ ಎಂಬ ಸಂಸ್ಥೆ ಕಟ್ಟಿದರು. 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳ ಒಂದು ಪೆಟ್ಟಿಗೆಗೆ 10 ಡಾಲರಿನಂತೆ ಸಾವಿರ ಪ್ರತಿಗಳನ್ನು ಮಾರುಕಟ್ಟೆಗೆ ಬಿಟ್ಟರು.

ಆ ಪುಸ್ತಿಕೆಗಳಲ್ಲಿ ಎಷ್ಟೋ ವಿಷಯಗಳಿಗೆ ಉತ್ತರವಿರಲಿಲ್ಲ. ಓದಿದವರು ತಮಗೆ ತೋಚಿದಂತೆ ತುಂಬಿಕೊಂಡರು. ಹೀಗೆ ಊರಿಗೊಂದು, ಮನೆಗೊಂದು ಪಾಠಾಂತರ ಬೆಳೆಯಿತು. ‘ಇದಕ್ಕೆ ಸ್ಪಷ್ಟ ನಿಯಮ ಕೊಡಿ’ ಎಂಬುದು ಆಟಗಾರರು ಕಂಪೆನಿಯ ಮುಂದಿಟ್ಟ ಮೊದಲ ಬೇಡಿಕೆ. ಅದಕ್ಕೆ ಉತ್ತರವಾಗಿ 1977ರಿಂದ 1979ರ ನಡುವೆ ‘ಅಡ್ವಾನ್ಸ್ಡ್’ ಎಂಬ ವಿಶೇಷಣ ಹೊತ್ತ ಮೂರು ದಪ್ಪ ಪುಸ್ತಕಗಳು ಹೊರಬಂದವು. ಹೊಸಬರಿಗಾಗಿ ಪ್ರತ್ಯೇಕ ಸರಳ ಪೆಟ್ಟಿಗೆಯೂ ಬಂತು. ಬಲ್ಲವರಿಗೆ ಒಂದು, ಕಲಿಯುವವರಿಗೆ ಇನ್ನೊಂದು ಎಂಬ ಈ ವ್ಯವಸ್ಥೆ ಹಲವು ವರ್ಷ ನಡೆಯಿತು.

1989ರಲ್ಲಿ ಎರಡನೆಯ ಆವೃತ್ತಿ ಬಂತು. ಆ ಹೊತ್ತಿಗೆ ಅಮೆರಿಕದ ಕೆಲವು ಪಾಲಕರು, ಧಾರ್ಮಿಕ ಸಂಘಟನೆಗಳು ಈ ಆಟ ಮಕ್ಕಳಿಗೆ ದೆವ್ವದ ಪೂಜೆ ಕಲಿಸುತ್ತದೆ ಎಂದು ಬೊಬ್ಬೆ ಹಾಕಿದ್ದವು. ಹೊಸ ಪುಸ್ತಕಗಳಲ್ಲಿ ದೆವ್ವ ಪಿಶಾಚಿಗಳ ಹೆಸರುಗಳು ಮಾಯವಾದವು. ಬಾಡಿಗೆ ಹಂತಕನ ಪಾತ್ರವನ್ನೂ ಕೈಬಿಡಲಾಯಿತು. ಪಿಶಾಚಿಗಳು ಮುಂದೆ ಬೇರೆ ಹೆಸರಿನಲ್ಲಿ ಮರಳಿ ಬಂದವು. ಹಳೆಯ ಆಟಗಾರರು ಗೊಣಗಿದರೂ ದೊಡ್ಡ ಒಡಕು ಆಗಲಿಲ್ಲ. ಕಾರಣ ಸರಳ: ಹಳೆಯ ಕಥಾನಕಗಳನ್ನು ಅಲ್ಪಸ್ವಲ್ಪ ತಿದ್ದಿ ಹೊಸ ನಿಯಮದಲ್ಲಿ ಆಡಬಹುದಿತ್ತು. ಯಾರ ಕಪಾಟೂ ಒಂದೇ ದಿನದಲ್ಲಿ ರದ್ದಿಯಾಗಲಿಲ್ಲ.

ಲೆಕ್ಕ ಸರಳವಾಯಿತು

ಸಾಲದಲ್ಲಿ ಮುಳುಗಿದ್ದ ಟಿಎಸ್‌ಆರ್ ಸಂಸ್ಥೆಯನ್ನು 1997ರಲ್ಲಿ ‘ವಿಝರ್ಡ್ಸ್ ಆಫ್ ದ ಕೋಸ್ಟ್’ ಎಂಬ ಕಂಪೆನಿ ಖರೀದಿಸಿತು. ಎರಡು ವರ್ಷಗಳ ಬಳಿಕ ಆಟಿಕೆ ತಯಾರಕ ಹ್ಯಾಸ್ಬ್ರೊ ಸಂಸ್ಥೆ ಆ ಕಂಪೆನಿಯನ್ನೂ ಕೊಂಡುಕೊಂಡಿತು. 2000ದಲ್ಲಿ ಮೂರನೆಯ ಆವೃತ್ತಿ ಬಿಡುಗಡೆಯಾಯಿತು.

ಅಲ್ಲಿಯವರೆಗೆ ಆಟಗಾರರನ್ನು ಕಾಡುತ್ತಿದ್ದುದು ‘ಥ್ಯಾಕೊ’ ಎಂಬ ಲೆಕ್ಕ. ಹಳೆಯ ನಿಯಮದಲ್ಲಿ ಕವಚದ ಅಂಕ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಒಬ್ಬ ಯೋಧನ ಥ್ಯಾಕೊ 17, ಎದುರಾಳಿಯ ಕವಚ 4 ಎಂದಿದ್ದರೆ ದಾಳದಲ್ಲಿ 13 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಕವಚ ಸೊನ್ನೆಗಿಂತಲೂ ಎರಡು ಕೆಳಗಿದ್ದರೆ 19 ಬೀಳಬೇಕು. ಅದೂ ಅಲ್ಲದೆ ಕೆಲವು ಕೆಲಸಗಳಿಗೆ ದೊಡ್ಡ ಅಂಕ ಬೀಳಬೇಕಿತ್ತು, ಕೆಲವಕ್ಕೆ ಸಣ್ಣ ಅಂಕ. ಮೂರನೆಯ ಆವೃತ್ತಿ ಈ ಗೊಂದಲವನ್ನು ತೆಗೆದುಹಾಕಿತು. 20 ಮುಖಗಳ ದಾಳ ಹಾಕು, ನಿನ್ನ ಶಕ್ತಿಯ ಅಂಕ ಕೂಡಿಸು, ಗುರಿ ಮುಟ್ಟಿದರೆ ಗೆದ್ದೆ. ಎಲ್ಲ ಸಂದರ್ಭಕ್ಕೂ ಇದೊಂದೇ ಸೂತ್ರ.

ಕಂಪೆನಿ ಇನ್ನೂ ಎರಡು ಒಳ್ಳೆಯ ಕೆಲಸ ಮಾಡಿತು. ಹಳೆಯ ಪಾತ್ರಗಳನ್ನು ಹೊಸ ನಿಯಮಕ್ಕೆ ಹೊಂದಿಸಿಕೊಳ್ಳುವ ಬಗೆಯನ್ನು ತಿಳಿಸುವ ಪುಸ್ತಿಕೆಯನ್ನು ಉಚಿತವಾಗಿ ಹಂಚಿತು. ಆಟದ ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ತಮ್ಮದೇ ಪುಸ್ತಕ ಪ್ರಕಟಿಸಬಹುದು ಎಂಬ ಮುಕ್ತ ಪರವಾನಿಗೆಯನ್ನೂ ನೀಡಿತು. ಹಲವಾರು ಸಣ್ಣ ಪ್ರಕಾಶಕರು ಇದನ್ನೇ ನಂಬಿ ಉದ್ಯೋಗಕ್ಕಿಳಿದರು. ಈ ಪರವಾನಿಗೆಯ ಮಹತ್ವ ಎಷ್ಟೆಂಬುದು ಮುಂದೆ ಗೊತ್ತಾಗಲಿತ್ತು.

ಆದರೆ ಮೂರೇ ವರ್ಷಗಳಲ್ಲಿ, 2003ರಲ್ಲಿ, ತಿದ್ದುಪಡಿ ಮಾಡಿದ ‘ಮೂರೂವರೆ’ ಆವೃತ್ತಿ ಬಂತು. 2000ದಲ್ಲಿ 19.95 ಡಾಲರಿಗೆ ಸಿಕ್ಕಿದ್ದ ಆಟಗಾರರ ಕೈಪಿಡಿಗೆ ಈಗ 29.95 ಡಾಲರ್. ತಿದ್ದುಪಡಿಗಳು ಉಪಯುಕ್ತವಾಗಿದ್ದವು ಎಂದು ಒಪ್ಪಿದವರೂ, ಇಷ್ಟು ಬೇಗ ಮತ್ತೆ ಜೇಬಿಗೆ ಕೈ ಹಾಕಬೇಕೆ ಎಂದು ಬೇಸರಪಟ್ಟರು.

ಸಂಘ ಎರಡಾಯಿತು

ನಿಜವಾದ ಒಡಕು ಬಂದದ್ದು 2008ರಲ್ಲಿ. ಆ ವರ್ಷದ ಜೂನ್‌ನಲ್ಲಿ ಬಿಡುಗಡೆಯಾದ ನಾಲ್ಕನೆಯ ಆವೃತ್ತಿ ಹಲವು ದೂರುಗಳಿಗೆ ಉತ್ತರ ಕೊಟ್ಟಿತ್ತು. ಮೂರನೆಯ ಆವೃತ್ತಿಯಲ್ಲಿ ಮಾಂತ್ರಿಕನು ಮೇಲಿನ ಹಂತ ತಲುಪಿದನೆಂದರೆ ಪಕ್ಕದ ಯೋಧನಿಗೆ ಕೆಲಸವೇ ಇರುತ್ತಿರಲಿಲ್ಲ. ಸೂತ್ರಧಾರ ಒಂದು ಸಂಜೆಯ ಆಟಕ್ಕೆ ಗಂಟೆಗಟ್ಟಲೆ ತಯಾರಿ ನಡೆಸಬೇಕಿತ್ತು. ಹೊಸ ಆವೃತ್ತಿಯಲ್ಲಿ ಎಲ್ಲ ಪಾತ್ರಗಳಿಗೂ ಸಮತೂಕದ ಶಕ್ತಿಗಳು: ಕೆಲವನ್ನು ಬೇಕೆಂದಾಗಲೆಲ್ಲ ಬಳಸಬಹುದು, ಕೆಲವನ್ನು ಕಾಳಗಕ್ಕೊಮ್ಮೆ, ಕೆಲವನ್ನು ದಿನಕ್ಕೊಮ್ಮೆ. ಸೂತ್ರಧಾರನ ತಯಾರಿಯೂ ಹಗುರವಾಯಿತು. ಇದನ್ನು ಮೆಚ್ಚಿದವರು ಇಂದಿಗೂ ಇದ್ದಾರೆ.

ಆದರೂ ಬಹಳಷ್ಟು ಹಳೆಯ ಆಟಗಾರರಿಗೆ ಇದು ತಮ್ಮ ಆಟವೆನಿಸಲಿಲ್ಲ. ಯೋಧ ಮತ್ತು ಮಾಂತ್ರಿಕರ ಹಾಳೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡವು. ನೋಮ್ ಎಂಬ ಕುಳ್ಳ ಜನಾಂಗ, ಹಾಡುಗಾರ, ಸನ್ಯಾಸಿ ಮುಂತಾದ ಪರಿಚಿತ ಪಾತ್ರಗಳು ಮೊದಲ ಕೈಪಿಡಿಯಲ್ಲಿ ಇರಲೇ ಇಲ್ಲ. ವರ್ಷಗಟ್ಟಲೆ ನೋಮ್ ಪಾತ್ರವನ್ನು ಆಡಿದವನಿಗೆ ಮುಂದಿನ ಕೈಪಿಡಿಯವರೆಗೆ ಕಾಯುವ ಪಾಡು. ಹಳೆಯ ಪಾತ್ರವನ್ನು ಹೊಸದಕ್ಕೆ ತರುವ ದಾರಿಯೇ ಇರಲಿಲ್ಲ. ಜತೆಗೆ ಇತರ ಪ್ರಕಾಶಕರಿಗೆ ಮೊದಲಿಗಿಂತ ಬಿಗಿಯಾದ ಪರವಾನಿಗೆ. 2009ರ ಏಪ್ರಿಲ್‌ನಲ್ಲಿ, ಕಳ್ಳ ಪ್ರತಿಗಳ ಹಾವಳಿಯ ಕಾರಣ ನೀಡಿ, ಹಳೆಯ ಆವೃತ್ತಿಗಳ ಡಿಜಿಟಲ್ ಪ್ರತಿಗಳ ಮಾರಾಟವನ್ನೂ ಕಂಪೆನಿ ನಿಲ್ಲಿಸಿತು. ಹಳೆಯದನ್ನೇ ಆಡುತ್ತೇವೆ ಎನ್ನುವವರ ಬಾಗಿಲನ್ನೂ ಮುಚ್ಚಿದಂತಾಯಿತು.

ಇಷ್ಟಾಗುವಾಗ ‘ಪೈಜೊ’ ಎಂಬ ಸಣ್ಣ ಪ್ರಕಾಶನ ಸಂಸ್ಥೆ ಮುಂದೆ ಬಂತು. 2007ರವರೆಗೆ ಈ ಆಟದ ಎರಡು ಅಧಿಕೃತ ಮಾಸಿಕಗಳನ್ನು ನಡೆಸುತ್ತಿದ್ದುದು ಇದೇ ಸಂಸ್ಥೆ. ಆ ಒಪ್ಪಂದ ನವೀಕರಣವಾಗದೆ ಕೈತಪ್ಪಿತ್ತು. 2000ದ ಮುಕ್ತ ಪರವಾನಿಗೆಯ ಆಧಾರದಲ್ಲೇ ಅದು ಮೂರೂವರೆ ಆವೃತ್ತಿಯ ನಿಯಮಗಳನ್ನು ಪರಿಷ್ಕರಿಸಿತು. ಕರಡನ್ನು ಆಟಗಾರರ ಮುಂದಿಟ್ಟು ಅಭಿಪ್ರಾಯ ಪಡೆಯಿತು. 2009ರ ಆಗಸ್ಟ್‌ನಲ್ಲಿ ‘ಪಾಥ್‌ಫೈಂಡರ್’ ಎಂಬ ಹೆಸರಿನಲ್ಲಿ 576 ಪುಟಗಳ ಗ್ರಂಥ ಹೊರತಂದಿತು. ‘ನಿಮ್ಮಲ್ಲಿರುವ ಹಳೆಯ ಪುಸ್ತಕಗಳು ಇನ್ನೂ ಉಪಯೋಗಕ್ಕೆ ಬರುತ್ತವೆ’ ಎಂಬುದೇ ಅದರ ಮುಖ್ಯ ಭರವಸೆ. ಮುನಿಸಿಕೊಂಡವರಲ್ಲಿ ಅನೇಕರು ಅತ್ತ ನಡೆದರು. ಮೂಲ ಸಂಘದ ಹೆಸರು ಕಂಪೆನಿಯ ಬಳಿ ಉಳಿಯಿತು, ಹಳೆಯ ಉಪನಿಯಮಗಳು ಹೊಸ ಸಂಘದ ಬಳಿ!

ಇನ್ನೂ ಹಿಂದಕ್ಕೆ ಹೋದವರೂ ಇದ್ದರು. 1970ರ ದಶಕದ ಆಟವೇ ಸೊಗಸಾಗಿತ್ತು ಎನ್ನುವ ಕೆಲವರು ಅದೇ ಮುಕ್ತ ಪರವಾನಿಗೆಯನ್ನು ಬಳಸಿ 2006ರಿಂದಲೇ ಹಳೆಯ ನಿಯಮಗಳನ್ನು ಹೊಸ ಮಾತುಗಳಲ್ಲಿ ಬರೆದು ಹಂಚತೊಡಗಿದ್ದರು. ನಿಯಮ ಕಡಿಮೆ, ಸೂತ್ರಧಾರನ ವಿವೇಚನೆಗೆ ಹೆಚ್ಚು ಅವಕಾಶ ಎಂಬುದು ಅವರ ನಿಲುವು. ಸ್ಪಷ್ಟ ನಿಯಮ ಕೊಡಿ ಎಂದು 1970ರ ದಶಕದಲ್ಲಿ ಕೇಳಿದ್ದ ಸಮುದಾಯದಲ್ಲೇ ಈಗ ನಿಯಮ ಕಡಿಮೆ ಮಾಡಿ ಎಂಬ ದನಿ ಎದ್ದದ್ದು ಗಮನಾರ್ಹ.

ಕೇಳಿ ಮಾಡಿದ ಆವೃತ್ತಿ

ಕಂಪೆನಿ ಪಾಠ ಕಲಿಯಿತು. 2012ರ ಜನವರಿಯಲ್ಲಿ ಐದನೆಯ ಆವೃತ್ತಿಯ ಘೋಷಣೆ ಮಾಡುವಾಗಲೇ, ಈ ಸಲ ಆಟಗಾರರನ್ನು ಕೇಳಿಯೇ ಮಾಡುತ್ತೇವೆ ಎಂದಿತು. ಮೇ ತಿಂಗಳಲ್ಲಿ ಕರಡು ನಿಯಮಗಳು ಹೊರಬಿದ್ದವು. ಆಡಿ ನೋಡಿ, ಪ್ರಶ್ನಾವಳಿಗೆ ಉತ್ತರಿಸಿ, ಮತ್ತೆ ತಿದ್ದಿದ ಕರಡು ಪಡೆಯಿರಿ ಎಂಬ ಈ ಕ್ರಮ ಸುಮಾರು ಎರಡು ವರ್ಷ ನಡೆಯಿತು. 1,75,000ಕ್ಕೂ ಹೆಚ್ಚು ಮಂದಿ ಭಾಗವಹಿಸಿದರೆಂದು ಕಂಪೆನಿ ಹೇಳಿಕೊಂಡಿತು. ಮೊದಲ ಆವೃತ್ತಿಯ ಮೂರು ಪುಸ್ತಕಗಳನ್ನು 2012ರಲ್ಲಿ ಮರುಮುದ್ರಿಸಲಾಯಿತು, ನಿಲ್ಲಿಸಿದ್ದ ಡಿಜಿಟಲ್ ಪ್ರತಿಗಳ ಮಾರಾಟವನ್ನು 2013ರಲ್ಲಿ ಮತ್ತೆ ಆರಂಭಿಸಲಾಯಿತು. ಇವು ಹಳಬರ ಮುನಿಸು ಕಳೆಯುವ ಹೆಜ್ಜೆಗಳೆಂದೇ ತಿಳಿಯಲಾಯಿತು.

2014ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಹೊಸತೆನ್ನುವಂಥದ್ದು ಬಹಳವೇನಿರಲಿಲ್ಲ. ಹಳೆಯ ಆವೃತ್ತಿಗಳಲ್ಲಿ ಜನ ಮೆಚ್ಚಿದ್ದನ್ನು ಆರಿಸಿ, ಲೆಕ್ಕ ಕಡಿಮೆ ಮಾಡಿ ಜೋಡಿಸಲಾಗಿತ್ತು. ಅನುಕೂಲ ಪರಿಸ್ಥಿತಿಯಿದ್ದರೆ ದಾಳವನ್ನು ಎರಡು ಸಲ ಹಾಕಿ ದೊಡ್ಡದನ್ನು ಆರಿಸಿಕೊಳ್ಳಬೇಕು, ಪ್ರತಿಕೂಲವಿದ್ದರೆ ಸಣ್ಣದನ್ನು. ಹತ್ತಾರು ಸಣ್ಣಪುಟ್ಟ ಕೂಡಿಕೆ ಕಳೆಯುವಿಕೆಗಳ ಜಾಗದಲ್ಲಿ ಈ ಒಂದು ಮಾತು ಸಾಕಾಯಿತು. ಮೂಲ ನಿಯಮಗಳ ಸಂಕ್ಷಿಪ್ತ ರೂಪವನ್ನು ಉಚಿತವಾಗಿಯೇ ಕೊಡಲಾಯಿತು. ಮರುವರ್ಷ ಧ್ವನಿ ಕಲಾವಿದರ ತಂಡವೊಂದು ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ ತಮ್ಮ ಆಟವನ್ನು ನೇರ ಪ್ರಸಾರ ಮಾಡತೊಡಗಿತು. 2016ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯ ಮೊದಲ ಕಂತಿನಲ್ಲೇ ನಾಲ್ವರು ಹುಡುಗರು ನೆಲಮಾಳಿಗೆಯಲ್ಲಿ ಕುಳಿತು ಈ ಆಟ ಆಡುವ ದೃಶ್ಯ ಬಂತು. ಆಟ ಹಿಂದೆಂದೂ ಕಾಣದಷ್ಟು ಜನಪ್ರಿಯವಾಯಿತು. ಮುಂಬಯಿ, ಪುಣೆ, ಬೆಂಗಳೂರಿನಂತಹ ನಗರಗಳ ಯುವಜನರೂ ವಾರಾಂತ್ಯದಲ್ಲಿ 20 ಮುಖಗಳ ದಾಳ ಹಿಡಿದು ಕೂರುವಂತಾದದ್ದು ಬಹುಮಟ್ಟಿಗೆ ಈ ಅಲೆಯಿಂದಲೇ.

2023ರ ಜನವರಿ

ಎಲ್ಲವೂ ಸುಸೂತ್ರವಾಗಿ ನಡೆದಿದ್ದಾಗ ಕಂಪೆನಿ ಮತ್ತೊಮ್ಮೆ ಎಡವಿತು. 2022ರ ಆಗಸ್ಟ್‌ನಲ್ಲಿ ಪರಿಷ್ಕರಣೆಯ ಘೋಷಣೆಯಾಯಿತು. 2023ರ ಜನವರಿ ಮೊದಲ ವಾರದಲ್ಲಿ ಹೊಸ ಪರವಾನಿಗೆಯ ಕರಡೊಂದು ಸೋರಿಕೆಯಾಗಿ ಪತ್ರಕರ್ತರ ಕೈಸೇರಿತು. 2000ದ ಮುಕ್ತ ಪರವಾನಿಗೆ ಇನ್ನು ಮಾನ್ಯವಲ್ಲ ಎಂಬ ಮಾತು ಅದರಲ್ಲಿತ್ತು. ವರ್ಷಕ್ಕೆ ಏಳೂವರೆ ಲಕ್ಷ ಡಾಲರಿಗಿಂತ ಹೆಚ್ಚು ಆದಾಯವಿರುವ ಪ್ರಕಾಶಕರು ಆ ಮಿತಿ ಮೀರಿದ ಆದಾಯದಲ್ಲಿ ಶೇ. 25ರವರೆಗೆ ಗೌರವಧನ ಕೊಡಬೇಕೆಂಬ ಷರತ್ತೂ ಇತ್ತು.

ಇದು ಪ್ರಕಾಶಕರ ಲೆಕ್ಕಾಚಾರ, ಮನೆಯಲ್ಲಿ ಕುಳಿತು ಆಡುವವರಿಗೇನು ಎಂದು ಕೇಳಬಹುದು. ಆದರೆ ಆಟಗಾರರು ಹಾಗೆ ತಿಳಿಯಲಿಲ್ಲ. 23 ವರ್ಷಗಳ ಹಿಂದೆ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳಬಹುದಾದರೆ, ಆ ಮಾತನ್ನು ನಂಬಿ ಕಟ್ಟಿದ ನೂರಾರು ಪುಸ್ತಕಗಳ ಗತಿಯೇನು ಎಂಬುದು ಅವರ ಪ್ರಶ್ನೆ. ಕಂಪೆನಿಯ ಡಿಜಿಟಲ್ ಸೇವೆಯ ಚಂದಾವನ್ನು ಅನೇಕರು ರದ್ದು ಮಾಡಿದರು. ಪೈಜೊ ಸಂಸ್ಥೆ ಇತರರೊಂದಿಗೆ ಸೇರಿ ಯಾರೂ ಹಿಂತೆಗೆದುಕೊಳ್ಳಲಾಗದ ಬೇರೊಂದು ಪರವಾನಿಗೆ ರಚಿಸುವುದಾಗಿ ಘೋಷಿಸಿತು.

ಕಂಪೆನಿ ತಿದ್ದಿದ ಕರಡನ್ನು ಮುಂದಿಟ್ಟು ಅಭಿಪ್ರಾಯ ಕೇಳಿತು. 15,000ಕ್ಕೂ ಹೆಚ್ಚು ಉತ್ತರಗಳು ಬಂದವು. ಹಳೆಯ ಪರವಾನಿಗೆಯನ್ನು ಅಮಾನ್ಯಗೊಳಿಸುವುದಕ್ಕೆ ಶೇ. 89 ಮಂದಿ ಅಸಮಾಧಾನ ಸೂಚಿಸಿದ್ದರು. ಜನವರಿ 27ರಂದು ಕಂಪೆನಿ ಸೋಲೊಪ್ಪಿಕೊಂಡಿತು. ಹಳೆಯ ಪರವಾನಿಗೆ ಹಾಗೆಯೇ ಉಳಿಯಿತು. ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಿಗೆಯಡಿ, ಮತ್ತೆ ಹಿಂತೆಗೆದುಕೊಳ್ಳಲು ಬಾರದ ರೀತಿಯಲ್ಲಿ, ಸಾರ್ವಜನಿಕರಿಗೆ ಒಪ್ಪಿಸಲಾಯಿತು. ಮೂರು ವಾರಗಳಲ್ಲಿ ಆಟಗಾರರು ಒಂದು ದೊಡ್ಡ ಕಂಪೆನಿಯನ್ನು ಮಣಿಸಿದ್ದರು.

ಆರನೆಯದು ಎನ್ನದ ಆವೃತ್ತಿ

ಆಟದ ಸುವರ್ಣ ಮಹೋತ್ಸವದ ವರ್ಷವಾದ 2024ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತ ಆಟಗಾರರ ಕೈಪಿಡಿ ಹೊರಬಂತು. ಸೂತ್ರಧಾರರ ಪುಸ್ತಕ ನವೆಂಬರ್‌ನಲ್ಲಿ, ರಾಕ್ಷಸ ಪ್ರಾಣಿಗಳ ಪುಸ್ತಕ 2025ರ ಫೆಬ್ರವರಿಯಲ್ಲಿ ಬಂತು. ವಿಶೇಷವೆಂದರೆ ಇದನ್ನು ಆರನೆಯ ಆವೃತ್ತಿ ಎಂದು ಕರೆಯಲಿಲ್ಲ. ಐದನೆಯದರ ಪರಿಷ್ಕರಣೆಯಷ್ಟೇ, ಹತ್ತು ವರ್ಷಗಳಲ್ಲಿ ಕೊಂಡ ಕಥಾನಕಗಳೆಲ್ಲ ಇದರೊಂದಿಗೆ ಹೊಂದುತ್ತವೆ ಎಂಬ ಭರವಸೆ ನೀಡಲಾಯಿತು. ಕೈಪಿಡಿ 320 ಪುಟಗಳಿಂದ 384ಕ್ಕೆ ಏರಿತು. ಯೋಧ, ಸನ್ಯಾಸಿ ಮುಂತಾದ ಪಾತ್ರಗಳಿಗೆ ಹೆಚ್ಚಿನ ಬಲ ಬಂತು, ವಿಷಯಗಳ ಜೋಡಣೆ ಸುಧಾರಿಸಿತು.

ಹಾಗೆಂದು ಎಲ್ಲರೂ ತೃಪ್ತರಾದರು ಎನ್ನುವಂತಿಲ್ಲ. ಇಷ್ಟೇ ಬದಲಾವಣೆಗೆ ಮತ್ತೆ ಮೂರು ಪುಸ್ತಕ ಕೊಳ್ಳಬೇಕೆ ಎನ್ನುವವರಿದ್ದಾರೆ. ಇನ್ನೂ ಧೈರ್ಯವಾಗಿ ಬದಲಿಸಬಹುದಿತ್ತು ಎನ್ನುವವರೂ ಇದ್ದಾರೆ.

ಬೇಡಿಕೆ ಇಷ್ಟೇ

ಐದು ದಶಕಗಳ ಈ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಆಟಗಾರರ ಬೇಡಿಕೆಗಳಲ್ಲಿ ವೈರುಧ್ಯ ಇದ್ದೇ ಇದೆ. ಹೊಸಬನಿಗೆ ತೆಳ್ಳನೆಯ ಪುಸ್ತಕ ಬೇಕು, ಹಳಬನಿಗೆ ಎಲ್ಲವೂ ಬೇಕು. ಆಡುವವನಿಗೆ ಪಾತ್ರ ಕಟ್ಟಲು ನೂರು ಆಯ್ಕೆ ಬೇಕು, ಆಡಿಸುವವನಿಗೆ ಭಾನುವಾರ ಬೆಳಗ್ಗಿನ ತಯಾರಿ ಅರ್ಧ ಗಂಟೆಯಲ್ಲಿ ಮುಗಿಯಬೇಕು. ಇವರೆಲ್ಲರನ್ನೂ ಒಂದೇ ಪುಸ್ತಕದಿಂದ ಮೆಚ್ಚಿಸುವುದು ಕಷ್ಟಸಾಧ್ಯ.

ಆದರೆ ಜಗಳ ಎದ್ದ ಸಂದರ್ಭಗಳನ್ನು ಗಮನಿಸಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಕಷ್ಟದ ಲೆಕ್ಕವನ್ನು ಸರಳಗೊಳಿಸಿದಾಗ ದೊಡ್ಡ ಬಂಡಾಯವೇಳಲಿಲ್ಲ. 2008ರಲ್ಲಿ ಹಳೆಯ ಪಾತ್ರಕ್ಕೆ ಹೊಸ ಮನೆಯಲ್ಲಿ ಜಾಗವಿಲ್ಲ ಎಂದಾಗ ಜನ ಹೊರನಡೆದರು. 2023ರಲ್ಲಿ ಕೊಟ್ಟ ಮಾತನ್ನು ಕೇಳದೆಯೇ ಹಿಂಪಡೆಯಲು ಹೊರಟಾಗ ತಿರುಗಿ ನಿಂತರು. 2012ರಲ್ಲಿ ಕರಡನ್ನು ಮುಂದಿಟ್ಟು ಅಭಿಪ್ರಾಯ ಕೇಳಿದಾಗ, ಮುನಿಸಿಕೊಂಡು ಹೋದವರಲ್ಲೂ ಅನೇಕರು ಮರಳಿ ಬಂದರು. ಅಡಚಣೆಯನ್ನು ತೆಗೆಯಿರಿ, ಆದರೆ ಇದುವರೆಗೆ ಆಡಿ ಗಳಿಸಿದ್ದನ್ನು ಅಳಿಸಬೇಡಿ, ಬದಲಿಸುವ ಮುನ್ನ ಒಂದು ಮಾತು ಕೇಳಿ. ಆಟಗಾರರ ಬೇಡಿಕೆ ಇಷ್ಟೇ.

ಕಂಪೆನಿ ಎಷ್ಟೇ ಆವೃತ್ತಿ ತಂದರೂ ಹಳೆಯ ಪುಸ್ತಕವನ್ನು ಯಾರ ಕೈಯಿಂದಲೂ ಕಸಿದುಕೊಳ್ಳಲಾರದು. 1974ರ ಆ ಮೂರು ಪುಸ್ತಿಕೆಗಳನ್ನು ಇಟ್ಟುಕೊಂಡು ಇಂದೂ ಆಡಬಹುದು, ಆಡುವವರೂ ಇದ್ದಾರೆ. ನಿಯಮ ಅಚ್ಚಾಗುವುದು ಕಂಪೆನಿಯ ಮುದ್ರಣಾಲಯದಲ್ಲಾದರೂ ಆಟ ನಡೆಯುವುದು ಆಡುವವರ ಮೇಜಿನ ಮೇಲೆ. ಗೈಗ್ಯಾಕ್ಸ್ 2008ರಲ್ಲಿ, ಆರ್ನೆಸನ್ 2009ರಲ್ಲಿ ನಿಧನರಾದರು. ಸಂಸ್ಥೆ ಎರಡು ಕೈ ಬದಲಾಯಿತು. ಆಟ ಮಾತ್ರ ನಿಲ್ಲಲಿಲ್ಲ, ಪ್ರತಿವಾರ ಒಂದೆಡೆ ಸೇರುವ ನಾಲ್ಕೈದು ಮಂದಿ ಎಲ್ಲ ಊರುಗಳಲ್ಲೂ ಇದ್ದರು. ಮುಂದಿನ ಮಹಾಸಭೆಯಲ್ಲಿ ಉಪನಿಯಮಗಳ ಕಡತ ಹಿಡಿದು ವೇದಿಕೆ ಏರುವ ಪದಾಧಿಕಾರಿಗಳಿಗೂ ಹಿಂದಿನ ಸಾಲಿನಲ್ಲಿ ಕುಳಿತ ಅಂಥವರ ನೆನಪಿದ್ದರೆ ಒಳ್ಳೆಯದು.